ಒಂಟಿ ಸೀನಿನ ಮನೆಗೆ ಮೆಣಸು ಬಂದದ್ದು

ಮಧುಗಿರಿಗೆ ಫ್ಲೂ ಜ್ವರ ಬಂದದ್ದು ಐವತ್ತೇಳರಲ್ಲಿ ಎಂದು ನಾನು ಹೇಳುತ್ತೇನೆ. ನನ್ನ ತಂಗಿ ಐವತ್ತೆಂಟು ಎನ್ನುತ್ತಾಳೆ. ನನ್ನ ಕಡೆಗಿರುವ ಸಾಕ್ಷ್ಯ ಇಷ್ಟೇ: ಅಂಗಡಿಯಿಂದ ಬಂದ ಚಿಲ್ಲರೆಯನ್ನು ಅಮ್ಮ ಅರಿಶಿನದ ನೀರಿನ ಬಟ್ಟಲಿಗೆ ಹಾಕುತ್ತಿದ್ದಳು, ಅದರಲ್ಲಿ ಆಗತಾನೇ ಚಲಾವಣೆಗೆ ಬಂದಿದ್ದ ಹೊಸ ಪೈಸೆಗಳಿದ್ದವು, ಇಷ್ಟು ಹೊಳೆಯುವ ವಸ್ತು ಒಳ್ಳೆಯದಿರಲಾರದು ಎಂದು ಅಜ್ಜಿ ಅವನ್ನು ಬೇರೆ ಬಟ್ಟಲಲ್ಲಿ ನೆನೆಹಾಕಿಸುತ್ತಿದ್ದಳು. ತಂಗಿ ಇದನ್ನು ಒಪ್ಪುವುದಿಲ್ಲ. "ನೀನು ಆಗ ಜ್ವರದಲ್ಲಿ ಬಿದ್ದಿದ್ದೆ ಕಣೋ. ನಿನಗೆ ಬಟ್ಟಲೂ ಕಂಡಿರುತ್ತೆ, ಬಟ್ಟಲಲ್ಲಿ ಆನೆಯೂ ಕಂಡಿರುತ್ತೆ" ಎನ್ನುತ್ತಾಳೆ.

ಅವಳ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಧೈರ್ಯವಿಲ್ಲ. ಈಚಿನ ದೊಡ್ಡ ಕಾಯಿಲೆಯ ಕಾಲದಲ್ಲಿ ಜನ ಟೊಮೇಟೊ ಹಣ್ಣಿಗೆ ಸೋಪು ಹಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಾದ ಮೇಲೆ ನನ್ನ ತಲೆಯಲ್ಲಿರುವ ಬಟ್ಟಲುಗಳಲ್ಲಿ ಯಾವುದು ಆಗಿನದು, ಯಾವುದು ಈಗಿನದು ಎಂದು ಬೇರ್ಪಡಿಸುವುದು ಕಷ್ಟವಾಗಿದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಬಟ್ಟಲುಗಳನ್ನು ನಂಬಬೇಡಿ. ಸೀನುಗಳನ್ನು ನಂಬಬಹುದು. ಸೀನುಗಳ ವಿಷಯದಲ್ಲಿ ತಂಗಿಗೂ ನನಗೂ ತಕರಾರಿಲ್ಲ, ಒಂದನ್ನು ಬಿಟ್ಟು.

ನಮ್ಮ ಮನೆಯ ಕಾನೂನು ಹೀಗಿತ್ತು. ಯಾರಾದರೂ ಹೊರಗೆ ಹೊರಟು ಹೊಸಿಲ ಹತ್ತಿರ ಕಾಲಿಟ್ಟಾಗ ಇನ್ನೊಬ್ಬರು ಒಂದು ಸಲ ಸೀನಿದರೆ ಅದು ಒಂಟಿ ಸೀನು, ಹೊರಟವರು ನಿಲ್ಲಬೇಕು. ಚೀಲ ಕೆಳಗಿಡಬೇಕು, ಕಾಲು ತೊಳೆಯಬೇಕು, ಕೂತು ಒಂದು ಗುಟುಕು ನೀರು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೊರಡಬೇಕು. ಹಿಂದೆಯೇ ಇನ್ನೊಂದು ಸೀನು ಬಂದು ಜೋಡಿಯಾದರೆ ಭಯವಿಲ್ಲ, ಅದು ಶುಭವೇ. ಈ ಕಾನೂನು ಸಾಮಾನ್ಯ ದಿನಗಳಲ್ಲಿ ಯಾರಿಗೂ ಭಾರವಾಗಿರಲಿಲ್ಲ. ವರ್ಷಕ್ಕೆ ಯಾವಾಗಲೋ ಒಮ್ಮೆ ಅಪ್ಪ ನೀರು ಕುಡಿದು ಹೊರಡುತ್ತಿದ್ದರು, ಅಷ್ಟೇ. ಊರಿಗೆ ಊರೇ ಮೂಗು ಸೋರಿಸಿಕೊಂಡು ಕೂತ ಕಾಲಕ್ಕೆ ಇದು ಹೇಗೆ ನಡೆಯಬಹುದು ಎಂದು ಕಾನೂನು ಮಾಡಿದವರು ಯೋಚಿಸಿರಲಿಲ್ಲ.

ಅಪ್ಪ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಜ್ವರದ ದೆಸೆಯಿಂದ ಸ್ಕೂಲು ಮುಚ್ಚಿತ್ತು. ಮನೆಗೆ ಸಾಮಾನು ತರುವುದು ಅವರೊಬ್ಬರ ಹಕ್ಕು. ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮುಗಿಸಿ, ಕೆಲಸ ಸಿಗದೆ ಮನೆಗೆ ಬಂದು ಬಿದ್ದಿದ್ದೆ. ಬಸ್ಸಿನಲ್ಲಿ ಜ್ವರವನ್ನು ಊರಿಗೆ ತಂದವನೇ ನಾನು ಎಂದು ಬೀದಿಯಲ್ಲಿ ಮಾತಿತ್ತು. ಆಮೇಲೆ ಗೊತ್ತಾಯಿತು, ಆ ಬಸ್ಸಿನಲ್ಲಿ ಬಂದ ಎಲ್ಲರ ಬಗ್ಗೆಯೂ ಅವರವರ ಬೀದಿಗಳಲ್ಲಿ ಇದೇ ಮಾತಿತ್ತು. ಜ್ವರ ಇಳಿದಿತ್ತು, ಶೀತ ಬಿಟ್ಟಿರಲಿಲ್ಲ; ಹೊರಗೆ ಕಾಲಿಡಕೂಡದೆಂದು ಅಪ್ಪಣೆಯಾಗಿತ್ತು. ನಡುಮನೆಯಲ್ಲಿ ಚಾಪೆಯ ಮೇಲೆ, ಬೀದಿಬಾಗಿಲಿಗೆ ಎದುರಾಗಿ ಮಲಗಿರುತ್ತಿದ್ದೆ. ನನಗೆ ಒಂದು ಕಡೆ ಸುಮ್ಮನೆ ಮಲಗಿ ಗೊತ್ತಿಲ್ಲ. ಹೊರಳುತ್ತಿದ್ದೆ, ಏಳುತ್ತಿದ್ದೆ, ಕಂಬ ಸುತ್ತುತ್ತಿದ್ದೆ, ಬಂದು ಮತ್ತೆ ಬೀಳುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ದುರದೃಷ್ಟವೆಂದರೆ, ನಾನು ಹುಟ್ಟಿದಾಗಿನಿಂದ ಸೀನುವುದು ಒಂದೇ ಸಲ.

ಪೇಟೆಗೆ ಹೋಗುವುದೇ ಆಗ ದೊಡ್ಡ ಕೆಲಸವಾಗಿತ್ತು. ಸಂತೆ ಸೇರಕೂಡದೆಂದು ತಮಟೆ ಹೊಡೆದು ಸಾರಿದ್ದರು. ಸಂತೆಗೆ ಇಂಗು, ಮೆಣಸು, ಏಲಕ್ಕಿ ತರುತ್ತಿದ್ದ ಶಿರಾದ ಸಾಹೇಬರು ಕಾಣಿಸುತ್ತಿರಲಿಲ್ಲ; ಶಿರಾದಲ್ಲೂ ಮನೆಗೊಬ್ಬರು ಮಲಗಿದ್ದಾರೆಂದು ಸುದ್ದಿ. ಪಕ್ಕದ ಮನೆಯವರ ಜೊತೆ ಗೋಡೆಯ ಮೇಲಿಂದ ನಡೆಯುತ್ತಿದ್ದ ಒಂದು ಬಟ್ಟಲು ಸಕ್ಕರೆ, ಒಂದು ಪಾವು ಬೇಳೆಯ ಕೈಬದಲು ನಿಂತುಹೋಗಿತ್ತು. ಗೋಡೆಯ ಮೇಲೆ ಬರೀ ಬೆಕ್ಕು ಓಡಾಡುತ್ತಿತ್ತು. ಅಂಗಡಿಯಿಂದ ಬಂದ ಸಾಮಾನನ್ನೆಲ್ಲ ತೊಳೆದೇ ಒಳಗಿಡಬೇಕೆಂದು ಅಪ್ಪ ಹೊಸ ನಿಯಮ ಮಾಡಿದ್ದರು. ಬೇಳೆಯನ್ನು ತೊಳೆದು ಒಣಹಾಕಿದೆವು. ಬೆಲ್ಲದ ಅಚ್ಚನ್ನು ತೊಳೆದೆವು. ಅರ್ಧ ಅಚ್ಚು ಬಚ್ಚಲ ಮೋರಿಯಲ್ಲಿ ಹೋಯಿತು, ಹಿತ್ತಿಲ ಇರುವೆಗಳಿಗೆ ಹಬ್ಬವಾಯಿತು. ಉಪ್ಪಿನ ಸರದಿ ಬಂದಾಗ ತರ್ಕ ಓದಿದವನ ಅಭಿಪ್ರಾಯ ಕೇಳಿದರು. ತೊಳೆಯಬಹುದು, ಆದರೆ ತೊಳೆದ ಮೇಲೆ ಅದು ಉಪ್ಪಾಗಿರುವುದಿಲ್ಲ ಎಂದೆ. "ಇಷ್ಟು ಹೇಳಕ್ಕೆ ಮೈಸೂರಿಗೆ ಹೋಗಬೇಕಾಗಿತ್ತೇನೋ?" ಎಂದರು ಅಪ್ಪ. ಉಪ್ಪಿಗೆ ಮಾತ್ರ ವಿನಾಯಿತಿ ಸಿಕ್ಕಿತು.

ಇಷ್ಟರಲ್ಲಿ ಅಜ್ಜಿಗೆ ಜ್ವರ ಬಂತು.

ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ಹಾಸಿಗೆಯನ್ನು ನಡುಮನೆಯಲ್ಲಿ ನನ್ನ ಚಾಪೆಯ ಪಕ್ಕಕ್ಕೆ ಹಾಕಿದರು, ರೋಗಿಗಳೆಲ್ಲ ಒಂದೇ ಕಡೆ ಇರಲೆಂದು. ಮೊದಲ ದಿನ ಅಮ್ಮ ಗಂಜಿ ತಂದಳು.

"ಗಂಜಿ ಎಮ್ಮೆಗೆ ಇಡು" ಎಂದಳು ಅಜ್ಜಿ.

"ಮತ್ತೇನು ತಿಂತೀರತ್ತೆ? ರಾಗಿ ಅಂಬಲಿ ಕೊಡ್ಲಾ?"

"ಬಾಯೆಲ್ಲ ಬೇವಿನ ಮರ ಆಗೈತೆ ಕಣೇ. ಒಂದು ಮೆಣಸಿನ ಸಾರು ಮಾಡಿಕೊಡು, ಮೂಗು ಬಿಡಂಗೆ. ಇಲ್ದಿದ್ರೆ ಏನೂ ಬ್ಯಾಡ."

ಮನೆಯಲ್ಲಿ ಮೆಣಸಿರಲಿಲ್ಲ. ಇದ್ದ ಕಾಳುಮೆಣಸೆಲ್ಲ ನನ್ನ ಕಷಾಯಕ್ಕೂ ತಂಗಿಯ ಕಷಾಯಕ್ಕೂ ಮುಗಿದಿತ್ತು. ಊರಿನ ಎಲ್ಲ ಮನೆಗಳಲ್ಲೂ ಹಾಗೆಯೇ ಮುಗಿದಿತ್ತು. ಪೇಟೆ ಬೀದಿಯ ಶೆಟ್ಟರ ಅಂಗಡಿಗೆ ತುಮಕೂರಿನ ಮೊದಲ ಬಸ್ಸಿನಲ್ಲಿ ಒಂದು ಸಣ್ಣ ಗಂಟು ಬರುತ್ತದೆ, ಬೆಟ್ಟದ ಬಂಡೆಗೆ ಬಿಸಿಲು ತಾಗುವ ಹೊತ್ತಿಗೆ ಖಾಲಿಯಾಗುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು. ಆದ್ದರಿಂದ ಬೆಳಕು ಹರಿಯುತ್ತಲೇ ಹೊರಡಬೇಕು. ನನ್ನ ಮೂಗಿಗೆ ಅತ್ಯಂತ ಚುರುಕಿನ ಹೊತ್ತು ಅದೇ.

ಅಪ್ಪ ಕೋಟು ಹಾಕಿ, ಚೀಲ ಹಿಡಿದು, ಹೊಸಿಲು ದಾಟಲು ಬಲಗಾಲು ಎತ್ತಿದರು. ನಾನು ಸೀನಿದೆ.

ಎತ್ತಿದ ಕಾಲು ಹಾಗೆಯೇ ನಿಂತಿತು. ಕೊಕ್ಕರೆಯಂತೆ ನಿಂತುಕೊಂಡೇ ಅಪ್ಪ ಇನ್ನೊಂದಕ್ಕೆ ಕಾದರು. ಬರಲಿಲ್ಲ. ಕಾಲು ವಾಪಸು ಒಳಗೆ ಬಂತು.

"ಅಪ್ಪಾ, ಸೀನು ಅಂದ್ರೆ ಮೂಗಿಗೆ ಆಗೋ ಕೆರಳಿಕೆ. ಅದಕ್ಕೂ ಮೆಣಸಿಗೂ ಕಾರ್ಯಕಾರಣ ಸಂಬಂಧ ಇಲ್ಲ" ಎಂದೆ.

"ಇಲ್ಲಾಂತ ನಿನಗೆ ಹೆಂಗೆ ಗೊತ್ತು?"

"ಇದೆ ಅಂತ ನಿಮಗೆ ಹೆಂಗೆ ಗೊತ್ತು?"

"ನನಗೆ ಗೊತ್ತಿಲ್ಲ. ಅದಕ್ಕೇ ನಿಂತ್ಕಂಡೆ" ಎಂದರು ಅಪ್ಪ, ಕಾಲು ತೊಳೆಯಲು ಹೋಗುತ್ತಾ. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದಿರಬೇಕು. ನನಗೆ ಈವರೆಗೂ ಹೊಳೆದಿಲ್ಲ.

ಅವರು ನೀರು ಕುಡಿದು ಎರಡನೆಯ ಸಲ ಹೊರಟಾಗ ಮತ್ತೆ ಸೀನಿದೆ. ಈ ಸಲ ತಡಮಾಡದೆ, ಗಂಟಲಿನಿಂದಲೇ ಇನ್ನೊಂದನ್ನು ಸೇರಿಸಿದೆ. ಸಾಕಷ್ಟು ಚೆನ್ನಾಗಿಯೇ ಬಂತೆಂದು ನನ್ನ ಭಾವನೆ. ಕ್ಲಾಸಿನಲ್ಲಿ ಸುಳ್ಳು ಕೆಮ್ಮುವ ಹುಡುಗರನ್ನು ಇಪ್ಪತ್ತು ವರ್ಷ ಕಂಡಿದ್ದ ಮೇಷ್ಟ್ರು ತಿರುಗಿ ನೋಡಿದರು.

"ಮೊದಲನೇದು ಮೂಗಿಂದು. ಎರಡನೇದು ಬಾಯಿಂದು. ಬಾಯಿ ಸೀನು ನಡೆಯಲ್ಲ."

ಅಷ್ಟರಲ್ಲಿ ಬಂಡೆಗೆ ಬಿಸಿಲು ಬಿದ್ದಿತ್ತು.

ಮಾರನೆಯ ದಿನ ಅಪ್ಪ ಹೊರಡುವ ಹೊತ್ತಿಗೆ ನನ್ನನ್ನು ದನದ ಕೊಟ್ಟಿಗೆಗೆ ಸಾಗಿಸಿದರು. ಬಾಯಿಗೆ ಪಂಚೆ ಒತ್ತಿಕೊಂಡು ಎಮ್ಮೆಯ ಎದುರು ಕೂತಿದ್ದೆ. ನನ್ನಿಂದ ಏನೂ ತೊಂದರೆಯಾಗಲಿಲ್ಲ. ಎದುರು ಮನೆಯ ಜಗಲಿಯಿಂದ ಯಾರೋ ಒಂದು ಸೀನು ಸೀನಿದರು. ಎದುರು ಮನೆಯ ಸೀನು ನಮ್ಮ ಮನೆಗೆ ಅನ್ವಯಿಸುತ್ತದೆಯೇ ಎಂದು ಅಪ್ಪ ಹೊಸಿಲ ಒಳಗೆ ನಿಂತು ಬಹಳ ಯೋಚಿಸಿದರು. ಅನ್ವಯಿಸುವುದಿಲ್ಲ ಎಂದು ತೀರ್ಮಾನಿಸಿ ಹೊರಟೂ ಹೊರಟರು. ಆದರೆ ಬೀದಿಯ ಉದ್ದಕ್ಕೂ ಒಂದೊಂದು ಜಗಲಿಯಿಂದ ಒಂದೊಂದು ಸೀನು ಬಂದು, ಯಾವುದು ಯಾವುದಕ್ಕೆ ಜೋಡಿ ಎಂಬ ಲೆಕ್ಕ ತಪ್ಪಿ, ಬಾವಿಕಟ್ಟೆಯ ತನಕ ಹೋದವರು ವಾಪಸು ಬಂದರು.

ಆಮೇಲೆ ಅಪ್ಪ ಅಯ್ನೋರನ್ನು ಕೇಳುವುದೆಂದು ನಿರ್ಧರಿಸಿದರು. ಅಯ್ನೋರು ಎಂದರೆ ನಮ್ಮ ಮನೆಗೆ ಪೂಜೆಗೆ ಬರುತ್ತಿದ್ದ ಹಿರಿಯರು. ಅವರೂ ಒಳಗೆ ಬರಲಿಲ್ಲ, ಬೀದಿಯಲ್ಲೇ ನಿಂತರು.

"ರೋಗದ ಸೀನಿಗೆ ಶಕುನ ಇಲ್ಲ ಮೇಷ್ಟ್ರೇ. ಧಾರಾಳವಾಗಿ ಹೋಗಿ" ಎಂದರು.

"ಯಾವುದು ರೋಗದ್ದು, ಯಾವುದು ಶಕುನದ್ದು ಅಂತ ತಿಳಿಯೋದು ಹೆಂಗೆ?"

"ಸೀನಿದೋನಿಗೆ ತಿಳೀತದೆ."

ಅಪ್ಪ ನನ್ನ ಕಡೆ ತಿರುಗಿ, "ತಿಳಿಯುತ್ತೇನೋ?" ಎಂದರು. ಇಲ್ಲವೆಂದೆ. ಅಷ್ಟು ಹೊತ್ತಿಗೆ ಅಯ್ನೋರು ಹೊರಡಲು ತಿರುಗಿದ್ದರು. ಒಳಗಿನಿಂದ ತಂಗಿ ಸೀನಿದಳು. ಒಂದೇ. ಅಯ್ನೋರು ನಿಂತರು. ಈಗತಾನೇ ಕೊಟ್ಟ ತೀರ್ಪಿನ ಪ್ರಕಾರ ಅವರು ಹೋಗಬಹುದಾಗಿತ್ತು. ಒಂದು ಹೆಜ್ಜೆ ಇಟ್ಟರು, ಹಿಂದಕ್ಕೆ ತೆಗೆದರು, ಏನೋ ಮರೆತವರಂತೆ ಆಕಾಶ ನೋಡಿದರು. ಕೊನೆಗೆ ನಮ್ಮ ಜಗಲಿಯ ತುದಿಯಲ್ಲಿ ಕೂತು, "ಅಮ್ಮಯ್ಯ, ಒಂದು ಗುಟುಕು ನೀರು" ಎಂದರು. ಅಮ್ಮ ಚೊಂಬನ್ನು ಎತ್ತರದಲ್ಲಿ ಹಿಡಿದು ಅವರ ಬೊಗಸೆಗೆ ನೀರು ಬಿಟ್ಟಳು. ಅವಳು ನಗುತ್ತಿದ್ದಳೆಂದು ನನ್ನ ನೆನಪು. ಇಲ್ಲ, ಆ ದಿನಗಳಲ್ಲಿ ಅಮ್ಮ ನಕ್ಕೇ ಇಲ್ಲ ಎಂದು ತಂಗಿ ಹೇಳುತ್ತಾಳೆ. ಈ ವಿಷಯದಲ್ಲಿ ತಂಗಿಯೇ ಸರಿ ಇರಬೇಕು.

ಏಕೆಂದರೆ ಅಜ್ಜಿ ನಿಜವಾಗಿಯೂ ಏನೂ ತಿನ್ನುತ್ತಿರಲಿಲ್ಲ. ಹಟವೋ ಅರುಚಿಯೋ ಹೇಳುವುದು ಕಷ್ಟ. ಹಟದಿಂದ ಶುರುವಾದದ್ದು ಅರುಚಿಗೆ ತಿರುಗಿರಬಹುದು. ನೀರು ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಮುಖ ತಿರುಗಿಸುತ್ತಿದ್ದಳು. ಕೈಯ ಬೆಳ್ಳಿ ಕಡಗ ಮೊಣಕೈ ತನಕ ಜಾರುತ್ತಿತ್ತು. ಮೊದಲು ಅಮ್ಮನನ್ನು ದಿನವಿಡೀ ಬೈಯುತ್ತಿದ್ದವಳು ಮಧ್ಯಾಹ್ನದ ತನಕ ಬೈಯತೊಡಗಿದಳು, ಆಮೇಲೆ ಬೆಳಿಗ್ಗೆ ಮಾತ್ರ. ಒಂದು ದಿನ ಬೆಳಿಗ್ಗೆಯೂ ಬೈಗುಳ ಬರಲಿಲ್ಲ. ಅವತ್ತು ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಅತ್ತೆಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು.

ಅಮ್ಮನಿಗೆ ಇನ್ನೂ ಒಂದು ಹೆದರಿಕೆ ಇತ್ತು. ಕೊರಟಗೆರೆಯಲ್ಲಿ ಅಪ್ಪನ ಅಕ್ಕ ಇದ್ದರು. ನಮ್ಮ ತಾತ ಸಾಯುವ ಮೊದಲು ಒಂದು ಲೋಟ ಹಾಲು ಕೇಳಿದ್ದರಂತೆ, ಅಮ್ಮ ಕಾಯಿಸಿ ತರುವುದರೊಳಗೆ ಹೋಗಿಬಿಟ್ಟರಂತೆ. ಕೊರಟಗೆರೆಯ ಆ ಅತ್ತೆ ಇದನ್ನು ಆಮೇಲೆ ನಡೆದ ಪ್ರತಿಯೊಂದು ಮದುವೆ ಮನೆಯಲ್ಲೂ, ನಾಮಕರಣದಲ್ಲೂ, ಪಂಕ್ತಿಯ ಮಧ್ಯೆ ಹಾಲು ಬಡಿಸುವಾಗ ಸರಿಯಾಗಿ ನೆನಪಿಸುತ್ತಿದ್ದರು. "ನಮ್ಮಪ್ಪಂಗೆ ಹಾಲಿಲ್ಲ, ನಮ್ಮವ್ವಂಗೆ ಮೆಣಸಿನ ಸಾರಿಲ್ಲ" ಎಂಬ ಮಾತು ಅಮ್ಮನ ಕಿವಿಗೆ ಆಗಲೇ ಕೇಳಿಸುತ್ತಿದ್ದಿರಬೇಕು. ಅಜ್ಜಿ ಉಳಿಯಬೇಕು, ಉಳಿಯದಿದ್ದರೂ ಸಾರು ಕುಡಿದು ಹೋಗಬೇಕು. ಅಮ್ಮನ ಮನಸ್ಸಿನಲ್ಲಿ ಇವೆರಡು ಬೇರೆ ಬೇರೆಯಾಗಿ ಇದ್ದವೇ ಎಂದು ನಾನು ಒಮ್ಮೆ ಕೇಳಿದ್ದೆ. "ಓದಿದೋರಿಗೆ ಮಾತ್ರ ಬೇರೆ ಬೇರೆ ಇರುತ್ತೆ" ಎಂದಿದ್ದಳು.

ಅಪ್ಪ ಒಂದು ದಿನ ಅಂಗಡಿಯನ್ನು ಮುಟ್ಟಿದ್ದು ನಿಜ. ಸೀನು ಬರಲಿಲ್ಲವೋ, ಬಂದದ್ದು ಜೋಡಿಯೋ, ಮರೆತಿದ್ದೇನೆ. ಗೆದ್ದವರಂತೆ ಬಂದು ಚೀಲವನ್ನು ಅಮ್ಮನ ಮುಂದೆ ಇಟ್ಟರು. ಅದರಲ್ಲಿ ಕೊತ್ತಂಬರಿ ಬೀಜವಿತ್ತು.

"ಇದೇನು?"

"ಮೆಣಸು ಮುಗಿದೋಗಿತ್ತು. ಅಷ್ಟು ಕಷ್ಟ ಬಿದ್ದು ಹೋಗಿ ಬರಿಗೈಲಿ ಬರೋದು ಬ್ಯಾಡ ಅಂತ..."

"ಅತ್ತೆ ಕೊತ್ತಂಬರಿ ಸಾರು ಕೇಳಿದ್ರಾ?"

ಅಮ್ಮ ಕೊತ್ತಂಬರಿಯನ್ನು ತೊಳೆದು, ಒಣಹಾಕಿ, ಹಿತ್ತಿಲಿಗೆ ಹೋಗಿ ಮರದಿಂದ ಎರಡು ದಾಳಿಂಬೆ ಕಿತ್ತುಕೊಂಡು ಬಂದಳು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡು ನಡುಮನೆ ದಾಟಿದಳು.

"ಎಲ್ಲಿಗೆ?" ಎಂದರು ಅಪ್ಪ.

"ಅಂಗಡಿಗೆ."

ನಮ್ಮ ಮನೆಯ ಹೆಂಗಸರು ಗುಡಿಗೆ, ಬಾವಿಗೆ, ಬಳಗದವರ ಮನೆಗೆ ಹೋಗುತ್ತಿದ್ದರು. ಪೇಟೆ ಬೀದಿಯ ಅಂಗಡಿಯ ಮುಂದೆ ನಿಂತು ಸಾಮಾನು ಕೇಳಿದವರಿಲ್ಲ. ಅಮ್ಮ ಹೊಸಿಲ ಮೇಲಿದ್ದಳು. ಆಗ ನನ್ನ ಪಕ್ಕದಲ್ಲಿ, ಕಂಬಳಿಯೊಳಗಿನಿಂದ, ಇಷ್ಟು ದಿನದಲ್ಲಿ ಅಜ್ಜಿಯ ಅತ್ಯಂತ ದೊಡ್ಡ ಶಬ್ದ ಬಂತು. ಅಜ್ಜಿ ಸೀನಿದಳು.

ಎಲ್ಲರೂ ನಿಂತೆವು. ಇನ್ನೊಂದಕ್ಕೆ ಕಾದೆವು. ಅಪ್ಪ, ತಂಗಿ, ನಾನು, ಎಲ್ಲರ ಕಣ್ಣೂ ಆ ಕಂಬಳಿಯ ಮೇಲೆ. ಕಂಬಳಿ ಅಲುಗಾಡಲಿಲ್ಲ.

"ಒಳಗೆ ಬಾ" ಎಂದರು ಅಪ್ಪ. "ಅವ್ವನೇ ಸೀನವ್ಳೆ. ಬೇರೆ ಯಾರಾನ ಆಗಿದ್ರೆ ಬುಡು ಅನ್ನಬೋದಿತ್ತು. ಬಾ ಒಳಗೆ."

ಅಮ್ಮ ತಿರುಗಲೂ ಇಲ್ಲ. "ಅವರ ಸೀನು ಅವರತ್ರ ಇರಲಿ. ಬಂದಮೇಲೆ ನೋಡ್ಕಂತೀನಿ" ಎಂದು ಮೆಟ್ಟಿಲಿಳಿದು ಹೋದಳು.

ಅಂಗಡಿಯಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಅಮ್ಮ ಹೇಳಿದ್ದು, ಅದೂ ಬೇರೆ ಬೇರೆ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾಗಿ ಹೇಳಿದ್ದು. ಶೆಟ್ಟರು ಗಿರಾಕಿಗಳ ಮುಂದೆ ಹಗ್ಗ ಕಟ್ಟಿದ್ದರಂತೆ. ಹಗ್ಗದ ಮೇಲೆ ಉದ್ದನೆಯ ಒಂದು ತಗಡಿನ ದೋಣಿಯನ್ನು ಇಳಿಜಾರಾಗಿ ಇಟ್ಟು, ಅಕ್ಕಿ ಬೇಳೆಯನ್ನು ಅದರಲ್ಲೇ ಸುರಿದು ಗಿರಾಕಿಯ ಚೀಲಕ್ಕೆ ಜಾರಿಸುತ್ತಿದ್ದರಂತೆ. ಈ ದೋಣಿಯ ಮೇಲೆ ನನಗೆ ಅನುಮಾನವಿದೆ. ಈಚಿನ ಕಾಯಿಲೆಯ ಕಾಲದಲ್ಲಿ ಎಲ್ಲೋ ಅಂಗಡಿಯವನೊಬ್ಬ ಕೊಳವೆಯಲ್ಲಿ ಸಾಮಾನು ಬಿಡುವ ಚಿತ್ರ ನೋಡಿದ್ದೆ. ಅದನ್ನೇ ಒಯ್ದು ಶೆಟ್ಟರ ಅಂಗಡಿಯಲ್ಲಿ ಇಟ್ಟಿರಬಹುದು. ಇಟ್ಟಿದ್ದರೂ ಚೆನ್ನಾಗಿಯೇ ಹೊಂದಿಕೊಂಡಿದೆ, ತೆಗೆಯಲು ಮನಸ್ಸಿಲ್ಲ.

ಅಮ್ಮ ಮೊದಲು ಮೆಣಸಿನ ಮಾತೇ ಎತ್ತಲಿಲ್ಲ. ಮದುವೆಯಾದ ಲಾಗಾಯ್ತು ತಾನು ಬೇಯಿಸಿದ್ದೆಲ್ಲ ಎಲ್ಲಿಂದ ಬರುತ್ತಿತ್ತೋ ಆ ಜಾಗವನ್ನು ನೋಡುತ್ತಾ ನಿಂತಳು. ಹುಣಸೆಹಣ್ಣಿನ ಬುಟ್ಟಿಯಲ್ಲಿ ಮೇಲೆ ಹೊಸ ಹಣ್ಣು, ಕೆಳಗೆ ಕಪ್ಪಗಾದ ಹಳೆಯದು.

"ಶೆಟ್ರೇ, ನಮ್ಮನೆಗೆ ಬರೋದು ಇದರಲ್ಲಿ ಮೇಲಿಂದೋ ಕೆಳಗಿಂದೋ?"

ಶೆಟ್ಟರು ಗಾಬರಿಯಾದರು. "ಅಯ್ಯೋ, ಮೇಷ್ಟ್ರ ಮನೆಯೋರಾ ತಾಯಿ? ಏನು ಬೇಕು ಹೇಳಿ."

"ಮೆಣಸು."

"ಒಂದು ಕಾಳೂ ಇಲ್ಲ ತಾಯಿ. ದೇವರಾಣೆ. ಬೆಳಿಗ್ಗೇನೇ ಖಾಲಿ ಆಗೋಯ್ತು."

ಶೆಟ್ಟರು ಆಣೆ ಇಡುತ್ತಿದ್ದಾಗ ಅಂಗಡಿಯ ಹಿಂದಿನ ಮನೆಯೊಳಗಿನಿಂದ ಮೆಣಸು ಹುರಿಯುವ ವಾಸನೆ ಘಮ್ಮೆಂದು ಬರುತ್ತಿತ್ತು. ಅಪ್ಪ ಅಲ್ಲೇ ಎಷ್ಟೋ ಸಲ ನಿಂತವರು; ಅವರಿಗೆ ಈ ವಾಸನೆ ಬಂದಿರಲಿಲ್ಲವೇ? ಬಂದಿದ್ದರೂ ಗಂಡಸರ ಮೂಗಿಗೆ ಅದು ಶೆಟ್ಟರ ಮನೆಯ ಅಡುಗೆ, ಅಷ್ಟೇ. ಅಮ್ಮ "ಸರಿ ಬುಡಿ" ಎಂದು, ಅಂಗಡಿಯ ಪಕ್ಕದ ಓಣಿಯಲ್ಲಿ ನಡೆದು ಹಿಂದಿನ ಬಾಗಿಲು ತಟ್ಟಿದಳು.

ಶೆಟ್ಟರ ಹೆಂಡತಿ ಪಾವಗಡದ ಕಡೆಯವರು. ಮಾತು ಅರ್ಧ ತೆಲುಗು.

"ಏಮಮ್ಮಾ ಇದಿ! ಮೇಷ್ಟ್ರ ಹೆಂಡ್ತಿ ಅಲ್ವಾ ನೀವು? ನೀವೇ ಬಂದ್ಬುಟ್ರಾ?"

"ನಮ್ಮತ್ತೆ ಏನೂ ತಿಂತಿಲ್ಲ. ಮೆಣಸಿನ ಸಾರು ಅಂತ ಜೀವ ಹಿಡ್ಕಂಡವ್ರೆ. ನಿಮ್ಮ ಯಜಮಾನ್ರು ಒಂದು ಕಾಳೂ ಇಲ್ಲ ಅಂತ ಆಣೆ ಮಾಡಿದ್ರು."

"ಅಂಗಡೀಲಿ ಲೇದು ಅಂದ್ರೆ ನಿಜವೇ ಕಣಮ್ಮ. ಅಂಗಡಿ ಅವರದು. ಡಬ್ಬ ನಂದು" ಎಂದು ಶೆಟ್ಟಮ್ಮ ಒಳಗೆ ಹೋಗಿ ಒಂದು ಹಿಡಿ ಮೆಣಸು ತಂದು ಅಮ್ಮನ ಸೆರಗಿಗೆ ಹಾಕಿದರು. ಅವರ ಮನೆಯಲ್ಲೂ ಮಕ್ಕಳು ಮಲಗಿದ್ದರು. ಹುಳಿಸಿಹಿ ಏನಾದರೂ ಬೇಕೆಂದು ಪೀಡಿಸುತ್ತಿದ್ದರು. ಅಮ್ಮ ದಾಳಿಂಬೆ ಬಿಚ್ಚಿ ಕೊಟ್ಟಳು. ಯಾವುದಕ್ಕೆ ಯಾವುದು ಎಂಬ ಮಾತೇ ಬರಲಿಲ್ಲವಂತೆ. ಹೊರಡುವಾಗ ಶೆಟ್ಟಮ್ಮ ದನಿ ತಗ್ಗಿಸಿ, "ಇನ್ಮೇಲೆ ಏನಾನ ಬೇಕಾದ್ರೆ ಮುಂದ್ಗಡೆ ಹೋಗಬ್ಯಾಡಿ, ಇಲ್ಲೇ ಬನ್ನಿ. ಹುಣಸೆಹಣ್ಣೂ ನನ್ನತ್ರ ಚೆನ್ನಾಗೈತೆ" ಎಂದರಂತೆ.

ಅಮ್ಮ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಅವಳು ಹೋದಾಗಿನಿಂದ ಅಲ್ಲೇ ಇದ್ದರು. ಬಾವಿಗೆ ಬಿದ್ದಳೋ, ಬಸ್ಸಿಗೆ ಸಿಕ್ಕಳೋ ಎಂದು ಬೀದಿಯ ತುದಿಯನ್ನು ನೋಡುತ್ತಿದ್ದರು. ಏನೂ ಆಗದೆ ಬಂದದ್ದು ನೋಡಿ ಸಮಾಧಾನಕ್ಕಿಂತ ಹೆಚ್ಚು ಭಯವಾಯಿತು. ಶಕುನದ ಕೇಡು ಅಮ್ಮನನ್ನು ಬಿಟ್ಟಿತೆಂದರೆ ಇನ್ನು ಯಾರನ್ನು ಹಿಡಿಯಬಹುದು?

ಒಳಗೆ ಒರಳಿನ ಸದ್ದಾಯಿತು. ಒಗ್ಗರಣೆ ಚಟಪಟಗುಟ್ಟಿತು. ನನ್ನ ಕಟ್ಟಿದ ಮೂಗಿಗೂ ವಾಸನೆ ತಾಗಿತು. ಅಮ್ಮ ಸಾರಿನ ಲೋಟ ಹಿಡಿದು ನಡುಮನೆಗೆ ಬಂದಳು. ಅಪ್ಪ ಅಜ್ಜಿಯ ಹಾಸಿಗೆಗೆ ಅಡ್ಡ ನಿಂತರು.

"ಇದನ್ನ ಕುಡಿಸಬ್ಯಾಡ."

"ಯಾಕೆ?"

"ಒಂಟಿ ಸೀನು ದಾಟಿ ತಂದಿರೋ ಮೆಣಸು ಇದು. ಅವ್ವ ಸೀನಿದ್ದು. ಅವ್ವಂಗೇ ಕುಡಿಸಿ, ಹೆಚ್ಚುಕಮ್ಮಿ ಆದ್ರೆ?"

"ಕುಡಿಸದೆ ಹೆಚ್ಚುಕಮ್ಮಿ ಆದ್ರೆ?"

ಅಪ್ಪ ಹಟ ಮಾಡುತ್ತಿರಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಅಮ್ಮನೂ ಜಗಳವಾಡುತ್ತಿರಲಿಲ್ಲ. ಲೋಟದ ಬಿಸಿಗೆ ಕೈ ಬದಲಿಸುತ್ತಾ ನಿಂತಿದ್ದಳು. ತರ್ಕ ಓದಿದ ನಾನು ಏನಾದರೂ ಹೇಳಬೇಕಾದ ಹೊತ್ತು. ಎದ್ದು ಕೂತೆ, ಬಾಯಿ ತೆರೆದೆ, ಆದರೆ ಮಾತು ಬಂದದ್ದು ಕಂಬಳಿಯೊಳಗಿನಿಂದ.

"ಒಂಟಿ ಅಂದೋನು ಯಾವನ್ಲಾ?"

ಅಜ್ಜಿ ಕಣ್ಣು ಬಿಟ್ಟಿದ್ದಳು.

"ನೀನೇ ಸೀನಿದ್ಯಲ್ಲವ್ವಾ, ಒಂದೇ" ಎಂದರು ಅಪ್ಪ.

"ಎರಡು ಸೀನಿವ್ನಿ."

"ನಮಗೆ ಒಂದೇ ಕೇಳಿಸ್ತು."

"ಇನ್ನೊಂದು ಒಳಗೇ ಸೀನ್ಕಂಡೆ ಕಣ್ಲಾ. ಹೊಟ್ಟೇಲಿ ಕೂಳಿಲ್ಲ, ಆಚೆಗೆ ತಳ್ಳಕ್ಕೆ ಶಕ್ತಿ ಎಲ್ಲೈತೆ? ಸೀನಿದೋಳು ನಾನು, ಲೆಕ್ಕ ನಿಂದಾ?"

ಅಪ್ಪ ನನ್ನ ಸೀನಿನಲ್ಲಿ ಮೂಗಿನದು ಯಾವುದು, ಬಾಯಿಯದು ಯಾವುದು ಎಂದು ದೂರದಿಂದಲೇ ಬೇರ್ಪಡಿಸಿದ್ದವರು. ಒಳಗೇ ಸೀನಿದ ಸೀನಿನ ವಿಷಯದಲ್ಲಿ ಅವರ ವಿದ್ಯೆ ಸೋತಿತು. ನನ್ನ ಕಡೆ ತಿರುಗಿದರು.

"ನೀನು ಪಕ್ಕದಲ್ಲೇ ಇದ್ಯಲ್ಲೋ. ಕೇಳಿಸ್ತಾ?"

ಅಜ್ಜಿ ನನ್ನನ್ನು ನೋಡಿದಳು. ಆ ನೋಟ ಇವತ್ತಿಗೂ ಕಣ್ಣ ಮುಂದಿದೆ. ಅದರಲ್ಲಿ ಬೇಡಿಕೆ ಇರಲಿಲ್ಲ, ಬೆದರಿಕೆ ಇತ್ತು. ನನ್ನ ಎರಡೂ ಕಿವಿ ಶೀತದಿಂದ ಕಟ್ಟಿದ್ದವು. ಕಂಬಳಿ ಒಂದು ಸಲ ಸಣ್ಣಗೆ ಅದುರಿದ್ದನ್ನು ನೋಡಿದೆನೇ? ಆಗ ಅಲುಗಾಡಲಿಲ್ಲ ಎಂದು ಈಗತಾನೇ ನಾನೇ ಬರೆದಿದ್ದೇನೆ. ಆದರೆ ಅದನ್ನು ಬರೆಯುವಾಗ ನಾನು ಅಪ್ಪನ ಜೊತೆ ನಿಂತು ನೋಡುತ್ತಿದ್ದೆ. ಅಜ್ಜಿಯ ಕಡೆಯಿಂದ ನೋಡಿದರೆ ಅದುರಿದಂತೆಯೂ ತೋರುತ್ತದೆ. ಅದುರಲೇ ಇಲ್ಲ ಎಂದು ತಂಗಿ ಆಣೆ ಮಾಡುತ್ತಾಳೆ. ನಾವಿಬ್ಬರೂ ಒಪ್ಪದ ಸೀನು ಇದೊಂದೇ.

"ಕೇಳಿಸಿದಂಗಿತ್ತು" ಎಂದೆ.

ಅಪ್ಪ ದೊಡ್ಡದಾಗಿ ಉಸಿರುಬಿಟ್ಟು ಪಕ್ಕಕ್ಕೆ ಸರಿದರು. ಅವರೇ ಅಜ್ಜಿಯ ತಲೆಯನ್ನು ಎತ್ತಿ ಹಿಡಿದರು. ಅಮ್ಮ ಲೋಟವನ್ನು ಬಾಯಿಗಿಟ್ಟಳು. ಅಜ್ಜಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಮೂಗು ಸೋರಿತು. ಆಮೇಲೆ ಲೋಟವನ್ನು ತಾನೇ ಕಿತ್ತುಕೊಂಡು, ಊದಿ ಊದಿ, ತಳದಲ್ಲಿ ಉಳಿದ ಮೆಣಸಿನ ತರಿಯನ್ನೂ ಬೆರಳಿನಲ್ಲಿ ಬಳಿದು ತಿಂದಳು.

"ಉಪ್ಪೇ ಇಲ್ಲ" ಎಂದಳು ಅಜ್ಜಿ. "ಅಂಗಡಿ ಬೀದೀಲಿ ಮೆರೆದು ಬಂದವಳಿಗೆ ಒಲೆ ಮುಂದೆ ಕೈ ನಿಲ್ಲುತ್ತಾ? ಸಾರು ಮಾಡೋದು ಕಲಿಸಿ ಕಲಿಸಿ ನನ್ನ ನಾಲಿಗೆ ಸವೆದೋಯ್ತು, ಇವಳಿಗೆ ಬರಲಿಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಉಪ್ಪು ಸರಿಯಾಗೇ ಐತೆ. ನಿಮ್ಮ ನಾಲಿಗೆಗೆ ಜ್ವರ."

"ನನಗೇ ಎದುರು ಮಾತಾಡ್ತೀಯಾ?"

"ಆಡ್ತೀನಿ. ಇನ್ನೊಂದು ಲೋಟ ಬೇಕೋ ಬ್ಯಾಡ್ವೋ?"

"ತಾ. ಅನ್ನ ಇದ್ರೆ ಎರಡು ಅಗುಳು ಕಿವುಚಿ ಹಾಕು." ಅಜ್ಜಿ ಕಂಬಳಿಯನ್ನು ಭುಜದ ಮೇಲಕ್ಕೆ ಎಳೆದುಕೊಂಡು, ಅಡುಗೆಮನೆಗೆ ಹೊರಟ ಸೊಸೆಯನ್ನು ಮತ್ತೆ ಕೂಗಿದಳು. "ಕೊರಟಗೆರೆಯೋಳಿಗೆ ಕಾಯಿಲೆ ಗೀಯಿಲೆ ಅಂತ ಹೇಳಿ ಕಳಿಸೀಯೆ! ಓಡಿ ಬಂದು ಕೂತ್ಕಂತಾಳೆ. ಇರೋದು ಒಂದು ಹಿಡಿ ಮೆಣಸು, ಅವಳಿಗೂ ಹಾಕಬೇಕಾಗ್ತದೆ."